ವೀರಪುರುಷನೂ ಲೆಕ್ಕದ ಪುಸ್ತಕವೂ

ದಾನ ಮಾಡುವವನ ಕೈಯನ್ನು ಹಿಡಿದು ನಿಲ್ಲಿಸಿ, ಈ ಹಣವು ನಿನಗೆ ಎಲ್ಲಿಂದ ಬಂದಿತೆಂದು ಕೇಳುವುದು ಲೋಕದ ದೃಷ್ಟಿಗೆ ಅಲ್ಪತನವಾಗಿ ತೋರುತ್ತದೆ. ಪ್ರವಾಹದಲ್ಲಿ ಕೊಚ್ಚಿಹೋಗುತ್ತಿದ್ದ ಮಗುವನ್ನು ಎತ್ತಿ ತಂದವನೊಡನೆ, ನೀನು ಬಿಚ್ಚಿಕೊಂಡು ಹೋದ ದೋಣಿ ಯಾರದು, ಅವನ ಅಪ್ಪಣೆಯನ್ನು ಪಡೆದಿದ್ದೆಯೋ ಇಲ್ಲವೋ ಎಂದು ವಾದಕ್ಕೆ ನಿಲ್ಲುವ ಕರಣಿಕನನ್ನು ದಡದ ಮೇಲಿನ ಜನರು ಮೆಚ್ಚಲಾರರು. ಆದರೆ ಆ ದೋಣಿಯನ್ನೇ ನಂಬಿ ಅಂದಿನ ಕೂಳನ್ನು ಸಂಪಾದಿಸಬೇಕಾಗಿದ್ದ ಅಂಬಿಗನು ಆ ಹೊತ್ತಿನಲ್ಲಿ ದಡದ ಮೇಲೆ ಇರುವುದಿಲ್ಲ. ದೋಣಿ ಬಂಡೆಗೆ ಬಡಿದು ಒಡೆದ ಸಂಗತಿ ಅವನಿಗೆ ತಿಳಿಯುವುದು ಸಂಜೆಗೆ. ಜನರ ಜಯಘೋಷದ ನಡುವೆ ಅವನ ಪರವಾಗಿ ಬಾಯಿ ತೆರೆದವನು ಆ ಕರಣಿಕನೊಬ್ಬನೇ. ಹೀಗಿರುವಲ್ಲಿ ಕರಣಿಕನ ಪ್ರಶ್ನೆಯು ಬರಿಯ ಕ್ಷುದ್ರತೆಯೋ, ಅಥವಾ ಅದರಲ್ಲಿ ಧರ್ಮದ ಒಂದಂಶವು ಅಡಗಿದೆಯೋ ಎಂಬುದು ವಿಚಾರಮಾಡತಕ್ಕ ವಿಷಯ.

ಪ್ರಶ್ನೆ ಹಳೆಯದಾದರೂ ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಚಿತ್ರಕಥೆಗಳಲ್ಲಿ ಅದಕ್ಕೆ ಹೊಸದೊಂದು ವೇಷ ಬಂದಿತು. ಆ ದೇಶದಲ್ಲಿ ಸೂಪರ್‌ಹೀರೋ ಎಂದು ಕರೆಯುವ ಅತಿಮಾನುಷ ವೀರರ ಕಥೆಗಳು ಮೊದಲು ಹುಡುಗರ ಓದಿಗಾಗಿ ಹುಟ್ಟಿದುವು. ಈಗ ಅವುಗಳನ್ನು ಪ್ರೌಢರೂ ಚಲಚ್ಚಿತ್ರಗಳಲ್ಲಿ ಆದರದಿಂದ ನೋಡುತ್ತಾರೆ. ಈ ವೀರರಲ್ಲಿ ಕೆಲವರಿಗೆ ಬಲವು ಹುಟ್ಟಿನಿಂದಲೋ ದೈವಯೋಗದಿಂದಲೋ ಬಂದದ್ದು. ಮತ್ತೆ ಕೆಲವರಿಗೆ ಅಂಥ ವರವೊಂದೂ ಇಲ್ಲ. ಅವರ ಬಲವೆಲ್ಲ ಹಣದ ಬಲ. ೧೯೩೯ರಲ್ಲಿ ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಎಂಬುವರು ಕಲ್ಪಿಸಿದ ಬ್ಯಾಟ್‌ಮನ್ ಹಗಲಿನಲ್ಲಿ ಬ್ರೂಸ್ ವೇಯ್ನ್ ಎಂಬ ಕೋಟ್ಯಧೀಶ. ರಾತ್ರಿಯಲ್ಲಿ ಬಾವಲಿಯ ಮುಖವಾಡವನ್ನು ಧರಿಸಿ ಗಾಥಮ್ ಎಂಬ ನಗರದ ದುಷ್ಟರನ್ನು ಶಿಕ್ಷಿಸುವವನು. ೧೯೬೩ರಲ್ಲಿ ಹುಟ್ಟಿದ ಐರನ್ ಮ್ಯಾನ್ ಎಂಬ ಲೋಹಪುರುಷನ ಒಳಗಿರುವವನು ಟೋನಿ ಸ್ಟಾರ್ಕ್, ಆಯುಧಗಳನ್ನು ತಯಾರಿಸುವ ಒಂದು ದೊಡ್ಡ ಕಂಪೆನಿಯ ಒಡೆಯ. ಅರ್ಜುನನು ಪಾಶುಪತವನ್ನು ಪಡೆಯಲು ಇಂದ್ರಕೀಲದಲ್ಲಿ ದೇಹವನ್ನು ದಂಡಿಸಬೇಕಾಯಿತು. ಕಿರಾತನೊಡನೆ ಸೆಣಸಿ ಸೋಲಬೇಕಾಯಿತು. ಈ ಹೊಸ ವೀರರಾದರೋ ತಮ್ಮ ಕಂಪೆನಿಯ ಸಂಶೋಧನಾ ವಿಭಾಗದ ಬಾಗಿಲನ್ನು ತಟ್ಟಿದರೆ ಸಾಕು. ತಪಸ್ಸಿನ ವೆಚ್ಚವನ್ನು ಅರ್ಜುನನು ತನ್ನ ಮೈಯಿಂದಲೇ ತೆತ್ತನು. ಸಂಶೋಧನಾ ವಿಭಾಗದ ವೆಚ್ಚವನ್ನು ತೆರುವವರು ಯಾರು?

ಕ್ರಿಸ್ಟೊಫರ್ ನೋಲನ್ ಎಂಬ ನಿರ್ದೇಶಕನು ೨೦೦೫, ೨೦೦೮ ಮತ್ತು ೨೦೧೨ರಲ್ಲಿ ತೆಗೆದ ಮೂರು ಚಿತ್ರಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕುವಂತಿದೆ. ಆದರೆ ಚಿತ್ರವು ಆ ಉತ್ತರದ ಹತ್ತಿರ ಬಂದಾಗಲೆಲ್ಲ ಮುಖವನ್ನು ಬೇರೆ ಕಡೆಗೆ ತಿರುಗಿಸಿಕೊಳ್ಳುತ್ತದೆ. ಮೊದಲನೆಯ ಚಿತ್ರದಲ್ಲಿ ವೇಯ್ನನಿಗೆ ಬೇಕಾದ ಕವಚ, ವಾಹನ ಮೊದಲಾದುವನ್ನು ಒದಗಿಸುವವನು ಕಂಪೆನಿಯ ಒಂದು ಮೂಲೆಗೆ ತಳ್ಳಲ್ಪಟ್ಟಿದ್ದ ಲೂಷಿಯಸ್ ಫಾಕ್ಸ್ ಎಂಬ ಸಜ್ಜನ. ಕವಚವನ್ನು ತೋರಿಸುತ್ತಾ ಅವನು, ಇದನ್ನು ಸೈನ್ಯದವರು ಕೊಳ್ಳಲಿಲ್ಲ, ಏಕೆಂದರೆ ಒಬ್ಬ ಸಿಪಾಯಿಯ ಪ್ರಾಣ ಮೂರು ಲಕ್ಷ ಡಾಲರು ಬಾಳುವುದಿಲ್ಲವೆಂದು ಲೆಕ್ಕದವರು ತೀರ್ಮಾನಿಸಿದರು ಎನ್ನುತ್ತಾನೆ. ಹೀಗೆ ಆರಂಭದಲ್ಲಿಯೇ ಲೆಕ್ಕದವನು ನೋಡುವವರ ಮನಸ್ಸಿನಲ್ಲಿ ಕಟುಕನಾಗಿಬಿಡುತ್ತಾನೆ. ಅನಂತರ ಫಾಕ್ಸನು ಇನ್ನೊಂದು ಮಾತನ್ನು ಹೇಳುತ್ತಾನೆ: ತನ್ನ ದೃಷ್ಟಿಯಲ್ಲಿ ಇಲ್ಲಿರುವುದೆಲ್ಲವೂ ಹೇಗಿದ್ದರೂ ವೇಯ್ನನದೇ ಎಂದು. ಕೇಳುವುದಕ್ಕೆ ಇದು ಔದಾರ್ಯದ ಮಾತು. ಕಥೆಯ ಅಧರ್ಮವೆಲ್ಲ ಹುಟ್ಟುವುದು ಈ ಮಾತಿನಿಂದ. ಏಕೆಂದರೆ ಅದೇ ಚಿತ್ರದಲ್ಲಿ ಆ ಕಂಪೆನಿಯ ಷೇರುಗಳನ್ನು ಸಾರ್ವಜನಿಕರಿಗೆ ಮಾರುವ ಪ್ರಸ್ತಾಪ ನಡೆಯುತ್ತದೆ. ವೇಯ್ನನು ನಾನಾ ನಿಧಿಗಳ ಮೂಲಕ ಗುಟ್ಟಾಗಿ ಷೇರುಗಳನ್ನು ಕೊಂಡು ಅಧಿಕಾರವನ್ನು ಮರಳಿ ಪಡೆಯುತ್ತಾನೆ. ಕೊಂಡುಕೊಳ್ಳಬೇಕಾಯಿತು ಎಂದಮೇಲೆ ಎಲ್ಲವೂ ಅವನದಾಗಿರಲಿಲ್ಲವೆಂದೇ ಅರ್ಥವಾಯಿತಲ್ಲವೆ? ಕೊಂಡ ಮೇಲೆಯೂ ಅವನದು ಹೆಚ್ಚಿನ ಪಾಲು ಮಾತ್ರ. ಉಳಿದ ಪಾಲಿನವರು ಯಾರೆಂಬುದನ್ನು ಮೂರು ಚಿತ್ರಗಳಲ್ಲಿ ಯಾರೂ ವಿಚಾರಿಸುವುದಿಲ್ಲ.

ವಿಚಾರಿಸಹೊರಟವನು ಒಬ್ಬನಿದ್ದಾನೆ. ಎರಡನೆಯ ಚಿತ್ರದಲ್ಲಿ ಕೋಲ್ಮನ್ ರೀಸ್ ಎಂಬ ಲೆಕ್ಕತನಿಖೆಯ ಯುವಕನಿಗೆ ಕಂಪೆನಿಯ ಸಂಶೋಧನಾ ವಿಭಾಗದ ಖರ್ಚು ಸರಿಹೋಗದಿರುವುದು ಕಾಣುತ್ತದೆ. ಹುಡುಕುತ್ತಾ ಹೋಗಿ ಬ್ಯಾಟ್‌ಮನ್ನನ ವಾಹನದ ನಕ್ಷೆಯನ್ನು ಪತ್ತೆಮಾಡುತ್ತಾನೆ. ಫಾಕ್ಸನ ಬಳಿಗೆ ಬಂದು, ತನ್ನ ಬಾಯಿ ಮುಚ್ಚಬೇಕಾದರೆ ಬದುಕಿರುವವರೆಗೆ ವರ್ಷಕ್ಕೆ ಒಂದು ಕೋಟಿ ಡಾಲರು ಕೊಡಬೇಕೆಂದು ಕೇಳುತ್ತಾನೆ. ರಾತ್ರಿಯೆಲ್ಲ ಬರಿಗೈಯಲ್ಲಿ ಪಾತಕಿಗಳ ಎಲುಬು ಮುರಿಯುವವನನ್ನು ಬೆದರಿಸಿ ಹಣ ಕೀಳುವ ಉಪಾಯವು ನಿನಗೆ ಒಳ್ಳೆಯದಾಗಿ ತೋರುತ್ತದೆಯೋ ಎಂಬ ಅರ್ಥದ ಮಾತನ್ನು ಫಾಕ್ಸನು ನಗುನಗುತ್ತಾ ಆಡುತ್ತಾನೆ. ನೋಡುವವರೂ ನಗುತ್ತಾರೆ; ಯುವಕನು ನಕ್ಷೆಯನ್ನು ಮೇಜಿನ ಮೇಲೆ ಹಿಂದಿರುಗಿಸಿ ಹೋಗುತ್ತಾನೆ.

ಈ ನಗುವನ್ನು ಸ್ವಲ್ಪ ಪರೀಕ್ಷಿಸಬೇಕು. ಆ ಯುವಕನು ಲೋಭಿ, ನಿಜ. ಆದರೆ ಅವನು ಲೋಭಿಯಾಗದೆ ಇದ್ದಿದ್ದರೆ? ಅದೇ ನಕ್ಷೆಯನ್ನು ಹಿಡಿದು, ಒಂದು ಕಾಸನ್ನೂ ಕೇಳದೆ, ನೆಟ್ಟಗೆ ನಿರ್ದೇಶಕರ ಸಭೆಗೆ ಹೋಗಿ, ಷೇರುದಾರರ ಹಣವು ಅವರಿಗೆ ತಿಳಿಯದ ಕಾರ್ಯಕ್ಕೆ ಹೋಗುತ್ತಿದೆಯೆಂದು ವರದಿ ಒಪ್ಪಿಸಿದ್ದರೆ? ಆಗ ಫಾಕ್ಸನಿಗೆ ನಗಲು ಮಾತು ಸಿಕ್ಕುತ್ತಿರಲಿಲ್ಲ. ಕಥೆಗಾರರಿಗೆ ಇದು ಗೊತ್ತಿದ್ದೇ ಆ ಯುವಕನನ್ನು ಆಸೆಬುರುಕನನ್ನಾಗಿ ಮಾಡಿದರೆಂದು ತೋರುತ್ತದೆ. ಕೇಳಿದವನ ಶೀಲವನ್ನು ಕೆಡಿಸಿಬಿಟ್ಟರೆ ಪ್ರಶ್ನೆಗೆ ಉತ್ತರ ಹೇಳುವ ಹೊರೆ ತಪ್ಪುತ್ತದೆ. ಇದು ಕಥೆಗಾರರ ಉಪಾಯ ಮಾತ್ರವೇ ಆಗಿ ಉಳಿದಿದ್ದರೆ ಚಿಂತೆಯಿರಲಿಲ್ಲ.

ಫಾಕ್ಸನು ವಿವೇಕವಿಲ್ಲದವನಲ್ಲ. ಅದೇ ಚಿತ್ರದ ಕೊನೆಗೆ ವೇಯ್ನನು ನಗರದ ಸಮಸ್ತರ ದೂರವಾಣಿಗಳನ್ನೂ ಕದ್ದು ಕೇಳುವ ಯಂತ್ರವೊಂದನ್ನು ಕಟ್ಟಿರುವುದನ್ನು ಕಂಡಾಗ, ಒಬ್ಬ ಮನುಷ್ಯನಿಗೆ ಇಷ್ಟು ಅಧಿಕಾರವಿರುವುದು ತಪ್ಪು, ಇದು ಇಲ್ಲಿರುವ ತನಕ ತಾನು ಈ ಕೆಲಸದಲ್ಲಿರಲಾರೆ ಎಂದು ಅವನು ಖಂಡಿತವಾಗಿ ಹೇಳುತ್ತಾನೆ. ಜನರ ಮಾತನ್ನು ಕದಿಯುವುದು ಅವನ ಮನಸ್ಸನ್ನು ಚುಚ್ಚಿತು. ಜನರ ಹಣವನ್ನು ಅವರಿಗೆ ಹೇಳದೆ ಉಪಯೋಗಿಸುವುದು ವರ್ಷಗಳವರೆಗೆ ಚುಚ್ಚಲಿಲ್ಲ. ಸಜ್ಜನರ ಅಂತಃಕರಣದಲ್ಲಿಯೂ ಹೀಗೆ ಒಂದು ಕೋಣೆಗೆ ದೀಪವಿದ್ದು ಪಕ್ಕದ ಕೋಣೆ ಕತ್ತಲಾಗಿರುವುದುಂಟು.

ಸ್ಟಾರ್ಕನ ಕಥೆಯಲ್ಲಿ ತೊಡಕು ಬೇರೆ ಬಗೆಯದು. ೨೦೦೮ರ ಚಿತ್ರದಲ್ಲಿ ತನ್ನ ಕಂಪೆನಿಯ ಆಯುಧಗಳೇ ಶತ್ರುಗಳ ಕೈಯಲ್ಲಿರುವುದನ್ನು ಕಂಡು ಅವನು ಪತ್ರಿಕಾಗೋಷ್ಠಿಯಲ್ಲಿ ಆಯುಧತಯಾರಿಕೆಯನ್ನೇ ನಿಲ್ಲಿಸಿದೆನೆಂದು ಸಾರುತ್ತಾನೆ. ಯಾರನ್ನೂ ಕೇಳದೆ ಮಾಡಿದ ಈ ನಿರ್ಣಯವು ಒಳ್ಳೆಯದೇ. ಅವನ ಬೆನ್ನ ಹಿಂದೆ ಆ ಆಯುಧಗಳನ್ನು ಮಾರುತ್ತಿದ್ದವನು ಕಂಪೆನಿಯ ಹಿರಿಯನಾದ ಸ್ಟೇನನು. ಆದರೂ ಇಬ್ಬರಲ್ಲಿಯೂ ಒಂದು ಗುಣವು ಸಮಾನ: ಕಂಪೆನಿಯೆಂದರೆ ತಾನು ಎಂಬ ಭಾವನೆ. ಒಬ್ಬನಲ್ಲಿ ಅದು ಲೋಕಹಿತಕ್ಕೂ ಮತ್ತೊಬ್ಬನಲ್ಲಿ ಲೋಕದ್ರೋಹಕ್ಕೂ ತಿರುಗಿತು.

ಕಂಪೆನಿ ಎಂಬ ವಸ್ತುವಿನ ಸ್ವರೂಪವನ್ನು ಇಲ್ಲಿ ನೆನೆಯುವುದು ಅವಶ್ಯ. ೧೮೯೬ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಸಭೆಯು ಸಾಲೊಮನ್ ಎಂಬ ಪಾದರಕ್ಷೆಯ ವ್ಯಾಪಾರಿಯ ಮೊಕದ್ದಮೆಯಲ್ಲಿ, ಕಂಪೆನಿಯು ಅದನ್ನು ಕಟ್ಟಿದವನಿಂದ ಬೇರೆಯಾದ ಒಬ್ಬ ವ್ಯಕ್ತಿಯೆಂದು ತೀರ್ಪಿತ್ತಿತು. ಆ ತೀರ್ಪಿನಿಂದ ಸಾಲೊಮನ್ನನು ಕಂಪೆನಿಯ ಸಾಲಗಾರರಿಂದ ಪಾರಾದನು. ಆದರೆ ಈ ಕತ್ತಿಗೆ ಎರಡು ಕಡೆಯೂ ಅಲಗುಂಟು. ಕಂಪೆನಿಯ ಸಾಲವು ಒಡೆಯನದಲ್ಲವಾದರೆ ಕಂಪೆನಿಯ ಸೊತ್ತೂ ಒಡೆಯನದಲ್ಲ. ಭಾರತದ ಧರ್ಮಶಾಸ್ತ್ರಗಳಲ್ಲಿ ನಿಕ್ಷೇಪವೆಂಬ ಒಂದು ವ್ಯವಹಾರವುಂಟು: ನಂಬಿ ಒಪ್ಪಿಸಿದ ಒಡವೆಯನ್ನು ಕೇಳಿದಾಗ ಹಾಗೆಯೇ ಹಿಂದಿರುಗಿಸತಕ್ಕದ್ದು. ಷೇರುದಾರನ ಹಣವು ನಷ್ಟಕ್ಕೂ ಒಡ್ಡಿಕೊಂಡದ್ದಾದ್ದರಿಂದ ಪೂರ್ತಿಯಾಗಿ ನಿಕ್ಷೇಪವೆನ್ನಲಾಗದು. ಆದರೆ ಏನಾಯಿತೆಂಬುದನ್ನು ಇದ್ದಂತೆ ಹೇಳಬೇಕೆಂಬ ಒಂದು ಅಂಶದಲ್ಲಿ ಅದು ನಿಕ್ಷೇಪವೇ ಸರಿ. ವ್ಯಾಪಾರದಲ್ಲಿ ಹಣ ಹೋಯಿತೆಂದರೆ ಷೇರುದಾರನು ಅಳಬಹುದು, ದೂರುವಂತಿಲ್ಲ. ಹೋದ ಹಣವು ಇದೆಯೆಂದು ಬರೆದುಕೊಟ್ಟರೆ ದೂರಬಹುದು.

ಇಷ್ಟು ವಿಚಾರವು ಕಟ್ಟುಕಥೆಗಳನ್ನು ಹಿಡಿದು ನಡೆಯಿತು. ಹೈದರಾಬಾದು ನಗರದಲ್ಲಿ ಇದು ಕಟ್ಟುಕಥೆಯಾಗಿ ಉಳಿಯಲಿಲ್ಲ. ಬೈರ್ರಾಜು ರಾಮಲಿಂಗರಾಜು ಎಂಬುವರು ೧೯೮೭ರಲ್ಲಿ ಅಲ್ಲಿ ಸ್ಥಾಪಿಸಿದ ಕಂಪ್ಯೂಟರ್ ಕಂಪೆನಿಗೆ ಸತ್ಯಂ ಎಂದು ಹೆಸರು. ೨೦೦೧ರಲ್ಲಿ ಅದರ ಷೇರುಗಳು ನ್ಯೂಯಾರ್ಕಿನ ಪೇಟೆಯನ್ನೂ ಸೇರಿದುವು. ೨೦೦೮ರ ಹೊತ್ತಿಗೆ ಐವತ್ತು ಸಾವಿರಕ್ಕೂ ಮೇಲ್ಪಟ್ಟು ನೌಕರರಿರುವರೆಂದು ಅದು ಹೇಳಿಕೊಳ್ಳುತ್ತಿತ್ತು. ರಾಜು ಅವರು ಮಿತಭಾಷಿಗಳು. ಆಡಂಬರದ ಮನುಷ್ಯರೆಂದು ಹೆಸರಾದವರಲ್ಲ. ತಂದೆಯ ನೆನಪಿಗಾಗಿ ೨೦೦೧ರಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ ಗೋದಾವರಿ ಸೀಮೆಯ ಹಳ್ಳಿಗಳಿಗೆ ಶುದ್ಧವಾದ ಕುಡಿಯುವ ನೀರು, ಔಷಧ, ವಿದ್ಯೆ ಇವುಗಳನ್ನು ಒದಗಿಸುವ ಕಾರ್ಯವನ್ನು ಕೈಗೊಂಡರು. ೨೦೦೫ರಲ್ಲಿ ೧೦೮ ಎಂಬ ಅಂಕೆಗೆ ಕರೆಮಾಡಿದೊಡನೆ ರೋಗಿಯ ಬಾಗಿಲಿಗೆ ಬರುವ ಆಂಬ್ಯುಲೆನ್ಸ್ ಸೇವೆಯನ್ನು ಹೈದರಾಬಾದಿನಲ್ಲಿ ಆರಂಭಿಸಿದರು. ಆ ಸೇವೆಯು ಸರ್ಕಾರಗಳ ಹಣದ ಬೆಂಬಲದಿಂದ ರಾಜ್ಯದಿಂದ ರಾಜ್ಯಕ್ಕೆ ಹಬ್ಬಿ ೨೦೦೮ರಲ್ಲಿ ಆರೋಗ್ಯ ಕವಚವೆಂಬ ಹೆಸರಿನಿಂದ ಕರ್ನಾಟಕಕ್ಕೂ ಬಂದಿತು. ದಾರಿಯಲ್ಲಿ ಅಪಘಾತಕ್ಕೆ ಸಿಕ್ಕವನನ್ನು ಪೊಲೀಸಿನವರ ಭಯದಿಂದ ಯಾರೂ ಮುಟ್ಟದೆ ಇದ್ದ ನಾಡಿನಲ್ಲಿ ಇದು ಸಾಮಾನ್ಯವಾದ ಉಪಕಾರವಲ್ಲ. ಗಾಥಮ್ ನಗರದ ವೀರನು ಮಾಡಿದ್ದಕ್ಕಿಂತ ಇದು ಹೆಚ್ಚೆಂದರೂ ತಪ್ಪಾಗದು. ಆ ನಗರ ಭೂಪಟದಲ್ಲಿ ಇಲ್ಲ, ಈ ರೋಗಿಗಳು ಇದ್ದಾರೆ. ಸತ್ಯಂ ಕಂಪೆನಿಗೆ ೨೦೦೮ರಲ್ಲಿ ಸುಶಾಸನಕ್ಕಾಗಿ ಗೋಲ್ಡನ್ ಪೀಕಾಕ್ ಎಂಬ ಪ್ರಶಸ್ತಿಯೂ ದೊರೆಯಿತು.

ಅದೇ ವರ್ಷ ಡಿಸೆಂಬರ್ ೧೬ರಂದು ಸತ್ಯಂ ಕಂಪೆನಿಯ ನಿರ್ದೇಶಕರು ರಾಜು ಅವರ ಮನೆತನದವರ ಮೇಟಾಸ್ ಎಂಬ ಎರಡು ಕಂಪೆನಿಗಳನ್ನು ೧೬೦ ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿಗೆಯಿತ್ತರು. ಮೇಟಾಸ್ ಎಂಬುದು ಸತ್ಯಂ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದುಮುಂದಾಗಿ ಬರೆದದ್ದು. ಷೇರುದಾರರು ಕೂಗೆಬ್ಬಿಸಿದರು, ಕೆಲವು ಗಂಟೆಗಳಲ್ಲಿಯೇ ಪ್ರಸ್ತಾಪವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಮೂರು ವಾರಗಳ ಮೇಲೆ, ೨೦೦೯ನೆಯ ಜನವರಿ ೭ರಂದು, ರಾಜು ಅವರು ನಿರ್ದೇಶಕರ ಮಂಡಲಿಗೆ ಒಂದು ಪತ್ರವನ್ನು ಬರೆದರು. ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕಿನ ಶಿಲ್ಕು ೫,೩೬೧ ಕೋಟಿ ರೂಪಾಯಿಯಲ್ಲಿ ೫,೦೪೦ ಕೋಟಿ ಇರಲೇ ಇಲ್ಲ. ಬರಬೇಕಾದ ಬಡ್ಡಿಯೆಂದು ಬರೆದ ೩೭೬ ಕೋಟಿ ಇಲ್ಲ. ಕೊಡಬೇಕಾದ ೧,೨೩೦ ಕೋಟಿ ಸಾಲವನ್ನು ಪುಸ್ತಕದಲ್ಲಿ ಕಾಣಿಸಿರಲಿಲ್ಲ. ಹೊರಗಿನವರಿಂದ ಬರತಕ್ಕ ಬಾಕಿಯನ್ನು ೪೯೦ ಕೋಟಿಯಷ್ಟು ಹೆಚ್ಚಿಸಿ ಬರೆಯಲಾಗಿತ್ತು. ಹಿಂದಿನ ಸೆಪ್ಟೆಂಬರಿನಲ್ಲಿ ಮುಗಿದ ಮೂರು ತಿಂಗಳಲ್ಲಿ ೬೪೯ ಕೋಟಿ ಲಾಭವೆಂದು ತೋರಿಸಿದ್ದು ನಿಜವಾಗಿ ೬೧ ಕೋಟಿ. ಹಿಂದಿನ ದಿನ ಸುಮಾರು ೧೭೯ ರೂಪಾಯಿಗೆ ನಿಂತಿದ್ದ ಷೇರು ಆ ದಿನ ಸಂಜೆಗೆ ೪೦ ರೂಪಾಯಿಗೆ ಇಳಿಯಿತು.

ಪತ್ರದಲ್ಲಿ ಅಂಕೆಗಳಿಗಿಂತ ಹೆಚ್ಚಾಗಿ ಜನರ ಮನಸ್ಸಿನಲ್ಲಿ ನಿಂತದ್ದು ಒಂದು ಉಪಮಾನ. ಮೊದಲು ಅಲ್ಪವಾಗಿದ್ದ ಅಂತರವು ವರ್ಷವರ್ಷಕ್ಕೂ ಬೆಳೆಯಿತೆಂದೂ, ಹುಲಿಯ ಬೆನ್ನನ್ನೇರಿದವನಿಗೆ ಅದರ ಬಾಯಿಗೆ ಬೀಳದೆ ಇಳಿಯುವುದು ಹೇಗೆಂದು ತಿಳಿಯದಂತೆ ಆಯಿತೆಂದೂ ರಾಜು ಅವರು ಬರೆದಿದ್ದರು. ತಾನು ಕಂಪೆನಿಯಿಂದ ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲವೆಂಬ ಮಾತೂ ಅದರಲ್ಲಿತ್ತು. ಸೆಬಿ ಎಂಬ ನಿಯಂತ್ರಣ ಮಂಡಲಿಯು ಇದನ್ನು ಒಪ್ಪಲಿಲ್ಲ. ಉಬ್ಬಿಸಿದ ಬೆಲೆಯಲ್ಲಿ ಷೇರುಗಳನ್ನು ಮಾರಿ ಅಡವಿಟ್ಟು ಪಡೆದ ಲಾಭವೆಂದು ೧,೮೪೯ ಕೋಟಿ ರೂಪಾಯಿಯನ್ನು ಬಡ್ಡಿಯೊಡನೆ ಒಪ್ಪಿಸಬೇಕೆಂದು ೨೦೧೪ರ ಜುಲೈಯಲ್ಲಿ ರಾಜು ಅವರಿಗೂ ಇತರರಿಗೂ ಆಜ್ಞೆಮಾಡಿತು. ಆ ಮೊತ್ತದ ಲೆಕ್ಕವು ಮೇಲ್ಮನವಿಯಲ್ಲಿ ಮತ್ತೆ ವಿಚಾರಣೆಗೆ ಬಂದಿತು. ಹೈದರಾಬಾದಿನ ವಿಶೇಷ ನ್ಯಾಯಾಲಯವು ೨೦೧೫ರ ಏಪ್ರಿಲ್ ೯ರಂದು ಹತ್ತು ಜನರನ್ನು ಅಪರಾಧಿಗಳೆಂದು ನಿರ್ಣಯಿಸಿ ರಾಜು ಅವರಿಗೆ ಏಳು ವರ್ಷಗಳ ಸೆರೆಯನ್ನು ವಿಧಿಸಿತು. ಮುಂದಿನ ತಿಂಗಳು ಮೇಲಿನ ನ್ಯಾಯಾಲಯವು ಮೇಲ್ಮನವಿ ಮುಗಿಯುವವರೆಗೆ ಶಿಕ್ಷೆಯನ್ನು ತಡೆದು ಜಾಮೀನು ಕೊಟ್ಟಿತು.

ನ್ಯಾಯಾಲಯದ ವಿಷಯ ನ್ಯಾಯಾಲಯಕ್ಕೆ ಇರಲಿ. ಹುಲಿಯ ಉಪಮಾನವು ನೀತಿವಿಚಾರಕ್ಕೆ ಸಂಬಂಧಪಟ್ಟದ್ದು. ಹುಲಿಯನ್ನೇರಿದವನ ಸಂಕಟವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಉಪಮಾನದಲ್ಲಿ ಸವಾರನ ಪ್ರಾಣವೊಂದೇ ಗಣನೆಗೆ ಬಂದಿದೆ. ಆ ಹುಲಿಯು ವರ್ಷಗಟ್ಟಲೆ ಏನನ್ನು ತಿಂದು ಬದುಕಿತೆಂಬ ಪ್ರಶ್ನೆ ಬಂದಿಲ್ಲ. ತೋರಿಸಿದ ಲಾಭವನ್ನು ನಂಬಿ, ಮಗಳ ಮದುವೆಗೆಂದೋ ನಿವೃತ್ತಿಯ ಕಾಲಕ್ಕೆಂದೋ ಕೂಡಿಟ್ಟದ್ದನ್ನು ತಂದು ಹಾಕಿದವರು ದಿನಕ್ಕೆ ಇಷ್ಟಿಷ್ಟೆಂದು ಅದಕ್ಕೆ ಮೇವಾದರು. ೨೦೦೮ರ ಕೊನೆಗೆ ರಾಜು ಮನೆತನದವರ ಸ್ವಂತ ಪಾಲು ಕಂಪೆನಿಯ ಹತ್ತರಲ್ಲಿ ಒಂದಂಶಕ್ಕಿಂತಲೂ ಕಡಮೆಯಾಗಿತ್ತು. ಎಲ್ಲವೂ ಹೇಗಿದ್ದರೂ ನಿಮ್ಮದೇ ಎಂಬ ಫಾಕ್ಸನ ಮಾತು ಇಲ್ಲಿಯೂ ಯಾರದೋ ಬಾಯಲ್ಲಿ, ಅಥವಾ ಬಾಯಿಗೆ ಬರದೆ ಮನಸ್ಸಿನಲ್ಲಿ, ಇದ್ದಿರಬೇಕು. ಇಲ್ಲದಿದ್ದರೆ ಸಾವಿರಾರು ಸುಳ್ಳು ಬೀಜಕಗಳೂ ಬ್ಯಾಂಕಿನ ಹೆಸರಿನ ಖೋಟಾ ಪತ್ರಗಳೂ ಒಬ್ಬನ ಕೈಯಿಂದ ಆಗತಕ್ಕವಲ್ಲ.

ಭಕ್ತರ ಕಥೆಗಳನ್ನು ಕೇಳಿ ಬೆಳೆದವರಿಗೆ ಇಲ್ಲಿ ಒಂದು ಆಕ್ಷೇಪ ತೋರಬಹುದು. ಅರಸನ ಹಣವನ್ನು ಪರರ ಹಿತಕ್ಕೆ ಚೆಲ್ಲಿದವರನ್ನು ಈ ದೇಶವು ಪೂಜಿಸಿಲ್ಲವೆ? ಹೈದರಾಬಾದಿನ ಮಗ್ಗುಲಲ್ಲಿರುವ ಗೋಲ್ಕೊಂಡದ ಕೋಟೆಯಲ್ಲಿ ಇಂದಿಗೂ ರಾಮದಾಸನ ಸೆರೆಮನೆಯನ್ನು ತೋರಿಸುತ್ತಾರೆ. ಪಾಲ್ವಂಚದ ತಹಸೀಲದಾರನಾಗಿದ್ದ ಕಂಚರ್ಲ ಗೋಪಣ್ಣನು ಕಂದಾಯದ ಹಣದಿಂದ ಭದ್ರಾಚಲದಲ್ಲಿ ರಾಮನಿಗೆ ಗುಡಿ ಕಟ್ಟಿಸಿ, ತಾನಾಷಾನ ಆಜ್ಞೆಯಿಂದ ಹನ್ನೆರಡು ವರ್ಷ ಸೆರೆಯಲ್ಲಿದ್ದನೆಂದು ಕಥೆ. ಮಂಗಳವೇಡೆಯ ದಾಮಾಜಿಪಂತನು ಕ್ಷಾಮದ ಕಾಲದಲ್ಲಿ ಬೀದರಿನ ಸುಲ್ತಾನನ ಕಣಜಗಳನ್ನು ಹಸಿದವರಿಗೆ ತೆರೆದನು. ಅದಕ್ಕೂ ಎಷ್ಟೋ ಹಿಂದೆ, ಅದೇ ಮಂಗಳವೇಡೆಯಿಂದ ಆಳಿದ್ದ ಬಿಜ್ಜಳನ ಭಂಡಾರಿಯಾದ ಬಸವಣ್ಣನವರು ಭಂಡಾರದ ಹೊನ್ನನ್ನು ಜಂಗಮರಿಗೆ ಸವೆಸುತ್ತಿರುವರೆಂದು ಚಾಡಿಕೋರರು ಅರಸನ ಕಿವಿಯನ್ನು ಊದಿದರು. ಈ ಮೂವರೂ ಪೂಜ್ಯರಾದರೆ ರಾಜು ಮಾತ್ರ ಏಕೆ ದಂಡನೀಯರು?

ಕಥೆಗಳನ್ನು ಕೊನೆಯವರೆಗೆ ಕೇಳಿದರೆ ಉತ್ತರವು ಅವುಗಳಲ್ಲಿಯೇ ಇದೆ. ಬಸವಣ್ಣನವರ ಕಥೆಯಲ್ಲಿ ಅರಸನು ಭಂಡಾರವನ್ನು ಎಣಿಸಿ ನೋಡುತ್ತಾನೆ. ಒಂದು ಹೊನ್ನೂ ಕಡಮೆಯಿಲ್ಲ. ಎಣಿಸಬಾರದೆಂದು ಬಸವಣ್ಣನವರು ಹೇಳಲಿಲ್ಲ, ಜಂಗಮರು ತೃಪ್ತರಾದರಲ್ಲಾ ಸಾಕೆನ್ನಲಿಲ್ಲ. ದಾಮಾಜಿಯ ಕಥೆಯಲ್ಲಿ ಪಂಢರಪುರದ ವಿಠ್ಠಲನೇ ವಿಠೂ ಎಂಬ ಆಳಿನ ವೇಷದಿಂದ ಬೀದರಿಗೆ ನಡೆದು, ಧಾನ್ಯದ ಬೆಲೆಯನ್ನು ಸುರಿದು, ರಸೀತಿಯನ್ನು ಪಡೆದುಕೊಳ್ಳುತ್ತಾನೆ. ಜಗದೊಡೆಯನಾದವನು ಸುಲ್ತಾನನ ಗುಮಾಸ್ತನ ಮುಂದೆ ಕೈಕಟ್ಟಿ ನಿಂತು ರಸೀತಿ ಕೇಳಿದನೆಂಬಲ್ಲಿ ಕಥೆ ಕಟ್ಟಿದ ಸಾಮಾನ್ಯ ಜನರ ನ್ಯಾಯಬುದ್ಧಿ ಎಷ್ಟು ಸೂಕ್ಷ್ಮವಾಗಿತ್ತೆಂಬುದು ಕಾಣುತ್ತದೆ. ತಾನಾಷಾನ ಅರಮನೆಗೂ ರಾಮಲಕ್ಷ್ಮಣರು ನಡುರಾತ್ರಿಯಲ್ಲಿ ಬಂದು ಆರು ಲಕ್ಷ ಮೊಹರುಗಳನ್ನು ಎಣಿಸಿಕೊಟ್ಟ ಮೇಲೆಯೇ ಗೋಪಣ್ಣನಿಗೆ ಬಿಡುಗಡೆ. ಪುಣ್ಯಕಾರ್ಯವು ಬಾಕಿಯನ್ನು ಅಳಿಸುವುದಾಗಿದ್ದರೆ ದೇವರಿಗೆ ಈ ಶ್ರಮವೇಕೆ? ಸುಲ್ತಾನನ ಮನಸ್ಸನ್ನು ಕರಗಿಸಿದ್ದರೆ ಸಾಕಾಗುತ್ತಿತ್ತು. ಬಾಕಿಯು ಬಾಕಿಯೇ, ಅದನ್ನು ಯಾರಾದರೂ ಬಂದು ತೆರಲೇಬೇಕು, ಭಕ್ತನ ಕೈಯಲ್ಲಾಗದಿದ್ದರೆ ಭಗವಂತನು ತೆರಲಿ ಎಂಬುದು ಈ ಕಥೆಗಳ ಭಾವ. ಇನ್ನೊಂದು ಭೇದವನ್ನೂ ಮರೆಯಬಾರದು. ಗೋಪಣ್ಣನ ಗುಡಿ ಹೊಳೆಯ ದಡದ ಮೇಲೆ ಎಲ್ಲರ ಕಣ್ಣಿಗೂ ಕಾಣುವಂತೆ ನಿಂತಿತ್ತು. ದಾಮಾಜಿಯ ಕಣಜದ ಬಾಗಿಲು ಹಾಡಹಗಲಿನಲ್ಲಿ ತೆರೆದಿತ್ತು. ಅವರು ಹಣವನ್ನು ಕೊಟ್ಟರು, ಕೊಟ್ಟಿಲ್ಲವೆಂದು ಸುಳ್ಳು ಶಿಲ್ಕನ್ನು ಬರೆಯಲಿಲ್ಲ.

ಸತ್ಯಂ ಕಂಪೆನಿಯ ಬಾಕಿಯನ್ನು ತೆರಲು ಯಾವ ವಿಠೂ ಬಂದನು? ಅಮೆರಿಕದಲ್ಲಿ ಷೇರುದಾರರು ಒಟ್ಟಾಗಿ ಹೂಡಿದ ವ್ಯಾಜ್ಯವು ೨೦೧೧ರಲ್ಲಿ ಹನ್ನೆರಡೂವರೆ ಕೋಟಿ ಡಾಲರಿಗೆ ರಾಜಿಯಾಯಿತು. ಅದನ್ನು ತೆತ್ತದ್ದು ಅಷ್ಟರಲ್ಲಿ ಕೈ ಬದಲಾಗಿದ್ದ ಕಂಪೆನಿಯೇ. ಎಂದರೆ ತಪ್ಪಿನಲ್ಲಿ ಪಾಲಿಲ್ಲದ ಹೊಸ ಷೇರುದಾರರು. ಭಾರತದ ಷೇರುದಾರರಿಗೆ ಅಂಥ ಪರಿಹಾರವೂ ದೊರೆಯಲಿಲ್ಲ. ಒಟ್ಟಾಗಿ ವ್ಯಾಜ್ಯ ಹೂಡುವ ಹಕ್ಕು ಇಲ್ಲಿನ ಶಾಸನದಲ್ಲಿ ಸೇರಿದ್ದು ೨೦೧೩ರ ಕಂಪೆನಿ ಕಾಯಿದೆಯಲ್ಲಿ.

ವೀರಪುರುಷನ ಪರವಾಗಿ ಹೇಳುವ ಕೊನೆಯ ವಾದವೊಂದಿದೆ. ಅದು ಎಲ್ಲಕ್ಕಿಂತಲೂ ಬಲವಾದುದು. ಅವನು ಗುಟ್ಟನ್ನು ಬಿಟ್ಟುಕೊಟ್ಟರೆ ಅವನನ್ನು ನಂಬಿದ ಎಲ್ಲವೂ ಕುಸಿಯುತ್ತದೆ. ನಗರವು ಪಾತಕಿಗಳ ಕೈಸೇರುತ್ತದೆ. ನೌಕರರು ಬೀದಿಗೆ ಬೀಳುತ್ತಾರೆ. ರೋಗಿಗೆ ವಾಹನ ಬರುವುದಿಲ್ಲ. ಆದುದರಿಂದ ಸುಳ್ಳು ಅವನ ಹೊರೆ, ಸುಖವಲ್ಲ. ಈ ವಾದವನ್ನು ಪರೀಕ್ಷಿಸುವ ಅವಕಾಶ ಸಾಮಾನ್ಯವಾಗಿ ಸಿಕ್ಕುವುದಿಲ್ಲ, ಏಕೆಂದರೆ ವೀರನು ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ೨೦೦೯ರಲ್ಲಿ ಆ ಅವಕಾಶ ಸಿಕ್ಕಿತು. ಪತ್ರ ಹೊರಬಿದ್ದ ನಾಲ್ಕನೆಯ ದಿನ ಕೇಂದ್ರ ಸರ್ಕಾರವು ಹಳೆಯ ಮಂಡಲಿಯನ್ನು ತೆಗೆದು ಕಿರಣ್ ಕಾರ್ಣಿಕ್, ದೀಪಕ್ ಪರೇಖ್, ಸಿ. ಅಚ್ಯುತನ್ ಇವರನ್ನು ನೇಮಿಸಿತು. ಆಮೇಲೆ ಮತ್ತೆ ಮೂವರು ಸೇರಿದರು. ಇವರಲ್ಲಿ ಯಾರಿಗೂ ಮುಖವಾಡವಿರಲಿಲ್ಲ. ಮೇಜಿನ ಸುತ್ತ ಕುಳಿತು, ಈ ತಿಂಗಳ ಸಂಬಳಕ್ಕೆ ಹಣವೆಲ್ಲಿದೆ, ಯಾವ ಗಿರಾಕಿ ಬಿಟ್ಟುಹೋಗುವಂತಿದ್ದಾನೆ, ಯಾವ ಕಾಗದ ನಿಜ ಯಾವುದು ಸುಳ್ಳು ಎಂದು ಒಂದೊಂದಾಗಿ ವಿಚಾರಿಸಿದರು. ಯಾವ ಚಿತ್ರದವರೂ ತೆಗೆಯಲಾರದಷ್ಟು ನೀರಸವಾದ ಕೆಲಸವಿದು. ಏಪ್ರಿಲ್ ೧೩ರಂದು ಬಹಿರಂಗವಾದ ಹರಾಜಿನಲ್ಲಿ ಟೆಕ್ ಮಹೀಂದ್ರ ಕಂಪೆನಿಯು ಷೇರಿಗೆ ೫೮ ರೂಪಾಯಿಯಂತೆ ಸತ್ಯಂ ಕಂಪೆನಿಯ ಆಡಳಿತವನ್ನು ಕೊಂಡಿತು. ಬೇಕಾದದ್ದು ನೂರು ದಿನಗಳಿಗೂ ಕಡಮೆ. ಆಂಬ್ಯುಲೆನ್ಸ್ ಸೇವೆಯೂ ನಿಲ್ಲಲಿಲ್ಲ, ಜಿ.ವಿ.ಕೆ. ಸಂಸ್ಥೆಯವರು ಅದೇ ವರ್ಷ ಅದನ್ನು ವಹಿಸಿಕೊಂಡರು. ತಾನಿಲ್ಲದೆ ನಡೆಯದೆಂದು ಯಾವುದಕ್ಕಾಗಿ ಅಷ್ಟು ವರ್ಷ ಸುಳ್ಳನ್ನು ಹೊತ್ತದ್ದೋ ಅದು ಸುಳ್ಳಿಲ್ಲದೆಯೂ ನಡೆಯಿತು. ಕುಸಿದದ್ದು ಷೇರುದಾರನ ಗಂಟೊಂದೇ. ಅದು ಪತ್ರದಿಂದ ಕುಸಿಯಲಿಲ್ಲ, ಬಹಳ ಮೊದಲೇ ಹೋಗಿತ್ತು, ಪತ್ರವು ಹೋಗಿರುವುದನ್ನು ತಿಳಿಸಿತು.

ಹಾಗಾದರೆ ಆ ಆಂಬ್ಯುಲೆನ್ಸಿನಿಂದ ಬದುಕಿದವನು ಏನೆಂದುಕೊಳ್ಳಬೇಕು? ವಾಹನವನ್ನು ಕಳುಹಿಸಿದವನು ಮುಂದೆ ಏನಾದನೆಂದು ತಿಳಿದ ಮೇಲೆ ತನ್ನ ಪ್ರಾಣದಲ್ಲಿಯೂ ಕಳಂಕವಿದೆಯೆಂದು ಅವನು ನಾಚಬೇಕೆ? ಹಾಗೆನ್ನುವುದು ನಿಷ್ಕರುಣೆಯಾದೀತು, ತರ್ಕಕ್ಕೂ ಹೊಂದದು. ಉಪಕಾರವನ್ನು ಪಡೆದವನು ಅದಕ್ಕೆ ಕೃತಜ್ಞನಾಗಿರಬಹುದು, ಇರಬೇಕು. ನ್ಯಾಯಾಲಯದ ಮುಂದೆ ನಿಂತ ಅದೇ ಮನುಷ್ಯನಿಗೆ ಅವನು ಮನಸ್ಸಿನಲ್ಲಿ ನಮಸ್ಕಾರವನ್ನೂ ಮಾಡಬಹುದು. ಆದರೆ ಅವನ ಕೃತಜ್ಞತೆಯು ಅವನದು. ಅದನ್ನು ತಂದು ಅಂಬಿಗನ ಒಡೆದ ದೋಣಿಗೆ ಬೆಲೆಯೆಂದು ಕಟ್ಟುವ ಅಧಿಕಾರ ಅವನಿಗೂ ಇಲ್ಲ, ದಡದ ಮೇಲೆ ಜಯಘೋಷ ಮಾಡಿದವರಿಗೂ ಇಲ್ಲ. ಕ್ಷಮೆಯ ಹಕ್ಕು ಕಳೆದುಕೊಂಡವನಲ್ಲಿ ಮಾತ್ರ ಇರುತ್ತದೆ. ಬಹುಜನರು ಕ್ಷಮಿಸಿದ್ದೇವೆಂದು ಹೇಳು��ಾಗ ತಾವು ಏನನ್ನು ಕಳೆದುಕೊಂಡೆವೆಂದು ಕೇಳಿಕೊಳ್ಳುವುದಿಲ್ಲ.

೨೦೧೩ರ ಕಾಯಿದೆಯು ದಾನವನ್ನೂ ಲೆಕ್ಕದೊಳಕ್ಕೆ ತಂದಿತು. ಇಷ್ಟಕ್ಕೆ ಮೇಲ್ಪಟ್ಟ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡನ್ನು ಸಮಾಜಹಿತಕ್ಕೆ ವೆಚ್ಚಮಾಡಿ, ಮಾಡಿದ್ದನ್ನು ವರದಿಯಲ್ಲಿ ಬರೆಯತಕ್ಕದ್ದೆಂದು ವಿಧಿಸಿತು. ಒಡೆಯನ ಔದಾರ್ಯವಾಗಿದ್ದದ್ದು ಈಗ ಜಮಾಖರ್ಚಿನ ಒಂದು ಬಾಬತ್ತು. ಇದರಿಂದ ದಾನದ ಸೊಗಸು ಹೋಯಿತೆಂದು ಕೊರಗುವವರುಂಟು. ಸೊಗಸು ಹೋಗಿರಬಹುದು, ಯಾರ ಹಣವೆಂಬುದು ಮಾತ್ರ ಗೊತ್ತಾಗುತ್ತದೆ. ಅದೇ ವರ್ಷ ಸತ್ಯಂ ಕಂಪೆನಿಯು ಟೆಕ್ ಮಹೀಂದ್ರದಲ್ಲಿ ಪೂರ್ತಿಯಾಗಿ ಲೀನವಾಗಿ ಆ ಹೆಸರು ಪೇಟೆಯಿಂದ ಮರೆಯಾಯಿತು.

ನೋಲನ್ನನ ಮೂರನೆಯ ಚಿತ್ರದಲ್ಲಿ ವೇಯ್ನನ ಹೆಸರಿನಲ್ಲಿ ವೈರಿಗಳು ಷೇರುಪೇಟೆಯಲ್ಲಿ ಮೋಸದ ವ್ಯಾಪಾರ ನಡೆಸಿ ಅವನ ಆಸ್ತಿಯನ್ನು ಬರಿದುಮಾಡುತ್ತಾರೆ. ಕೊನೆಗೆ ಅವನು ಸತ್ತನೆಂದು ತಿಳಿದು ಉಯಿಲನ್ನು ಓದುತ್ತಾರೆ. ಮನೆಯೊಳಗಿನ ಸಾಮಾನುಗಳನ್ನೆಲ್ಲ ಮಾರಿ ಬಾಕಿಗಳನ್ನು ಪೂರ್ತಿಯಾಗಿ ತೀರಿಸತಕ್ಕದ್ದು. ಉಳಿದದ್ದು ಮುದುಕನಾದ ಸೇವಕನಿಗೆ. ಮನೆಯು ನಗರದ ಅನಾಥ ಮಕ್ಕಳಿಗೆ. ಮುಖವಾಡದ ಮೇಲೆ ಮೂರು ಚಿತ್ರಗಳನ್ನು ಕಟ್ಟಿದವರಿಗೂ ಆ ಮಕ್ಕಳಿಗಿಂತ ಮೊದಲು ಬಾಕಿಯ ಮಾತನ್ನು ಎತ್ತದೆ ಇರಲಾಗಲಿಲ್ಲ. ಸೈನ್ಯಕ್ಕಾಗಿ ಕಂಪೆನಿಯು ಮಾಡಿಸಿದ್ದ ಆ ಕಪ್ಪು ವಾಹನದ ಬೆಲೆಯೂ ಬಾಕಿಯ ಪಟ್ಟಿಯಲ್ಲಿ ಸೇರಿತ್ತೋ ಇಲ್ಲವೋ ಚಿತ್ರವು ಹೇಳುವುದಿಲ್ಲ.